ಆಫ್ ಆಗದ ಟ್ರಾನ್ಸಿಸ್ಟರ್: ಬಳ್ಳಾರಿಯ ಒಂದು ಲ್ಯಾಬ್‌ನಲ್ಲಿ ನಾಲ್ಕು ತಿಂಗಳು

ಆಗಸ್ಟ್ ತಿಂಗಳ ಒಂದು ಮಧ್ಯಾಹ್ನ, ಹೊರಗೆ ಸಣ್ಣಗೆ ಮಳೆ. ನನ್ನ ಪ್ರಾಜೆಕ್ಟ್ ವಿದ್ಯಾರ್ಥಿನಿ ಲ್ಯಾಪ್‌ಟಾಪ್ ಹಿಡಿದುಕೊಂಡೇ ಸ್ಟಾಫ್ ರೂಮಿಗೆ ಓಡಿ ಬಂದಳು. "ಮೇಡಂ, ಮೊಬಿಲಿಟಿ 12 ಬಂದೈತೆ" ಎಂದಳು. ಮುಖ ಅರಳಿತ್ತು. ಟ್ರಾನ್ಸಿಸ್ಟರ್ ಒಳಗೆ ಎಲೆಕ್ಟ್ರಾನ್ ಎಷ್ಟು ಸಲೀಸಾಗಿ ಓಡುತ್ತದೆ ಅನ್ನುವ ಅಳತೆಯೇ ಮೊಬಿಲಿಟಿ. ಏಪ್ರಿಲ್‌ನಲ್ಲಿ ಅವಳೇ ಮಾಡಿದ ಟ್ರಾನ್ಸಿಸ್ಟರ್‌ಗಳಲ್ಲಿ 8ರ ಮೇಲೆ ಹೋಗಿರಲಿಲ್ಲ.

ನಾನು ಗ್ರಾಫ್ ನೋಡಿದೆ. ಟ್ರಾನ್ಸಿಸ್ಟರನ್ನು ತೆರೆದು ಮುಚ್ಚುವ ತುದಿಯಾದ ಗೇಟ್‌ಗೆ ಪ್ಲಸ್ 40 ವೋಲ್ಟ್ ಕೊಟ್ಟಾಗ ಕರೆಂಟ್ ಸುಮಾರು 3 ಮಿಲಿ ಆಂಪಿಯರ್. ಅಲ್ಲಿಂದ ಇಳಿಸುತ್ತಾ ಮೈನಸ್ 40ಕ್ಕೆ ಬಂದರೂ ಇನ್ನೂ 2 ಮೈಕ್ರೋ ಆಂಪಿಯರ್ ಹರಿಯುತ್ತಲೇ ಇದೆ. "ಎಲ್ಲ ಸರಿ, ಇದು ಆಫ್ ಎಲ್ಲಿ ಆಗೈತಮ್ಮ?" ಎಂದು ಕೇಳಿದೆ. ಅವಳು ಒಂದು ಕ್ಷಣ ಸುಮ್ಮನಾದಳು. "ಆಗಿಲ್ಲ ಮೇಡಂ."

ಅವಳು ಸಿರುಗುಪ್ಪ ಕಡೆಯವಳು. ಮನೆಯಲ್ಲಿ ಭತ್ತದ ಗದ್ದೆ, ಕಾಲುವೆ ನೀರಿನ ಮೇಲೆ ಜೀವನ. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್ ಗೇಟ್ ಕೊಚ್ಚಿಹೋದಾಗ ನಮ್ಮ ಕಡೆ ಜನರಿಗೆ ಎಷ್ಟು ಸಂಕಟ ಆಯಿತು ಅಂತ ಅವಳಿಗೆ ಹೇಳಿಕೊಡಬೇಕಿಲ್ಲ. ತೆರೆದಾಗ ನೀರು ಎಷ್ಟು ಜೋರಾಗಿ ಬರುತ್ತದೆ ಅನ್ನುವುದಕ್ಕಿಂತ ಮುಚ್ಚಿದಾಗ ನಿಲ್ಲುತ್ತದಾ ಅನ್ನುವುದು ಮೊದಲ ಪ್ರಶ್ನೆ. ಟ್ರಾನ್ಸಿಸ್ಟರ್‌ನ ಗೇಟ್‌ಗೂ ಅದೇ ಮಾತು. ಆದರೂ ನಮ್ಮ ಪ್ರಾಜೆಕ್ಟ್ ರಿಪೋರ್ಟ್‌ಗಳಲ್ಲಿ, ಸೆಮಿನಾರ್‌ಗಳಲ್ಲಿ ಎಲ್ಲರೂ ಮೊದಲು ಕೇಳುವುದು ಮೊಬಿಲಿಟಿ ಎಷ್ಟು ಅಂತಲೇ. ಈ ಕೇಸನ್ನು ಪೂರ್ತಿ ಬರೆದಿಡುತ್ತಿರುವುದು ಅದಕ್ಕೇ.

ನಾವು ಮಾಡುತ್ತಿದ್ದದ್ದು ಏನು

ರಚನೆ ತುಂಬಾ ಸರಳ. ಕೆಳಗೆ ಚೆನ್ನಾಗಿ ಡೋಪ್ ಮಾಡಿದ, ಅಂದರೆ ಬೇರೆ ಧಾತು ಬೆರೆಸಿ ಕರೆಂಟ್ ಹರಿಯುವಂತೆ ಮಾಡಿದ, ಸಿಲಿಕಾನ್ ತುಂಡು, ಅದೇ ಗೇಟ್. ಅದರ ಮೇಲೆ 300 ನ್ಯಾನೋಮೀಟರ್ ದಪ್ಪದ ಸಿಲಿಕಾನ್ ಡೈಆಕ್ಸೈಡ್, ಕರೆಂಟ್ ಹರಿಯಲು ಬಿಡದ ಪದರ. ಅದರ ಮೇಲೆ ಇಂಡಿಯಂ ಝಿಂಕ್ ಆಕ್ಸೈಡ್‌ನ ತೆಳು ಪದರ. ಇಂಡಿಯಂ ನೈಟ್ರೇಟ್, ಝಿಂಕ್ ನೈಟ್ರೇಟ್ ಎರಡನ್ನೂ 2-ಮೆಥಾಕ್ಸಿಎಥನಾಲ್‌ನಲ್ಲಿ ಕರಗಿಸಿ, ಫಿಲ್ಟರ್ ಮಾಡಿ, ಸ್ಪಿನ್ ಕೋಟರ್‌ನಲ್ಲಿ ನಿಮಿಷಕ್ಕೆ 3000 ಸುತ್ತು ತಿರುಗಿಸಿ, ಮಫಲ್ ಫರ್ನೇಸ್‌ನಲ್ಲಿ 400 ಡಿಗ್ರಿಯಲ್ಲಿ ಒಂದು ಗಂಟೆ ಕಾಯಿಸುತ್ತೇವೆ. ಕೊನೆಗೆ ತೂತಿನ ಮಾಸ್ಕ್ ಇಟ್ಟು ಅಲ್ಯೂಮಿನಿಯಂ ಆವಿ ಕೂರಿಸಿದರೆ ಎಲೆಕ್ಟ್ರಾನ್ ಒಳಬರುವ, ಹೊರಹೋಗುವ ತುದಿಗಳಾದ ಸೋರ್ಸ್, ಡ್ರೇನ್ ಆಯಿತು. ಅವೆರಡರ ನಡುವಿನ ದಾರಿಯೇ ಚಾನಲ್, ಅದರ ಉದ್ದ 100 ಮೈಕ್ರಾನ್, ಅಗಲ 1000 ಮೈಕ್ರಾನ್. (ಆ ದ್ರಾವಕ ಮೈಗೆ ಒಳ್ಳೆಯದಲ್ಲ, ಅದರಲ್ಲೂ ಗರ್ಭಿಣಿಯರಿಗೆ ಅಪಾಯ. ಫ್ಯೂಮ್ ಹುಡ್, ಗ್ಲೌಸ್ ಇಲ್ಲದೆ ಬಾಟಲಿ ಮುಚ್ಚಳ ತೆಗೆಯಲೇಬೇಡಿ.)

ಇಂಡಿಯಂ, ಝಿಂಕ್ ಸೇರಿದ ಈ ಆಕ್ಸೈಡ್‌ಗಳ ಮೇಲೆ ನನಗೆ ಇಷ್ಟು ಪ್ರೀತಿ ಯಾಕೆ ಅಂತ ಒಂದು ಮಾತು ಹೇಳಿಬಿಡುತ್ತೇನೆ. ತೆಳು ಪದರದ ಟ್ರಾನ್ಸಿಸ್ಟರ್ ಹಳೆಯ ವಿಷಯ. 1962ರಲ್ಲೇ ಆರ್‌ಸಿಎ ಕಂಪನಿಯ ಪಾಲ್ ವೈಮರ್ ಕ್ಯಾಡ್ಮಿಯಂ ಸಲ್ಫೈಡ್‌ನಲ್ಲಿ ಮಾಡಿ ತೋರಿಸಿದ್ದರು. ಆಮೇಲೆ ಟಿವಿ, ಮಾನಿಟರ್‌ಗಳಿಗೆ ಬಂದದ್ದು ಅಮಾರ್ಫಸ್ ಸಿಲಿಕಾನ್. ಅದರಲ್ಲಿ ಪರಮಾಣುಗಳು ಅಡ್ಡಾದಿಡ್ಡಿ ಕೂತಿರುತ್ತವೆ, ಎಲೆಕ್ಟ್ರಾನ್‌ಗೆ ದಾರಿ ಸಿಗುವುದೇ ಕಷ್ಟ, ಮೊಬಿಲಿಟಿ 1ರ ಆಸುಪಾಸು ನಿಂತುಬಿಡುತ್ತದೆ. 2004ರಲ್ಲಿ ಟೋಕಿಯೊ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯ ಹಿಡಿಯೊ ಹೊಸೊನೊ ಮತ್ತು ಅವರ ತಂಡ ಇಂಡಿಯಂ, ಗ್ಯಾಲಿಯಂ, ಝಿಂಕ್ ಸೇರಿದ ಆಕ್ಸೈಡನ್ನು ಬಗ್ಗುವ ಪ್ಲಾಸ್ಟಿಕ್ ಹಾಳೆಯ ಮೇಲೆ, ಕೋಣೆಯ ತಾಪದಲ್ಲೇ ಕೂರಿಸಿ ಅದರ ಸುಮಾರು ಹತ್ತು ಪಟ್ಟು ಮೊಬಿಲಿಟಿ ತೋರಿಸಿದರು. ಅಲ್ಲೂ ಪರಮಾಣುಗಳು ಅಡ್ಡಾದಿಡ್ಡಿಯೇ. ಆದರೆ ಎಲೆಕ್ಟ್ರಾನ್ ಓಡಾಡುವುದು ಲೋಹದ ಪರಮಾಣುಗಳ ದೊಡ್ಡ, ದುಂಡನೆಯ ಎಸ್ ಆರ್ಬಿಟಲ್‌ಗಳಲ್ಲಿ (ಪರಮಾಣುವಿನ ಸುತ್ತ ಎಲೆಕ್ಟ್ರಾನ್ ಇರುವ ಜಾಗಗಳಲ್ಲಿ). ದುಂಡನೆಯ ಚೆಂಡುಗಳು ಹೇಗೆ ಕೂತರೂ ಪಕ್ಕದ್ದಕ್ಕೆ ತಾಗುತ್ತವೆ ಅಲ್ವಾ, ಹಾಗೆ ದಾರಿ ತಪ್ಪುವುದಿಲ್ಲ. 2012ರ ಹೊತ್ತಿಗೆ ಶಾರ್ಪ್ ಕಂಪನಿ ಇದರ ಸ್ಕ್ರೀನ್‌ಗಳನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸಲು ಶುರುಮಾಡಿತು.

ಈ ಆಕ್ಸೈಡ್‌ಗಳ ಅಸಲಿ ಬಲ ಮಾತ್ರ ಮೊಬಿಲಿಟಿ ಅಲ್ಲ. ಆಫ್ ಮಾಡಿದಾಗ ಸೋರುವ ಕರೆಂಟ್ ಸಾಮಾನ್ಯ ಮೀಟರ್‌ಗೆ ಸಿಗದಷ್ಟು ಕಡಿಮೆ ಮಾಡಬಹುದು. ವೇಗ ಬೇಕಾದರೆ ಸಣ್ಣ ಸಣ್ಣ ಹರಳುಗಳಿಂದಾದ ಪಾಲಿಸಿಲಿಕಾನ್ ಇದೆ, ಅದರ ಮೊಬಿಲಿಟಿ ಎಷ್ಟೋ ಜಾಸ್ತಿ. ಆದರೂ 2018ರ ಆಪಲ್ ವಾಚ್‌ನಿಂದ ಶುರುವಾಗಿ ಇವತ್ತಿನ ದುಬಾರಿ ಫೋನ್‌ಗಳವರೆಗೆ ಪಾಲಿಸಿಲಿಕಾನ್ ಜೊತೆಗೆ ಆಕ್ಸೈಡ್ ಟ್ರಾನ್ಸಿಸ್ಟರನ್ನೂ ಸೇರಿಸುತ್ತಿರುವುದು ಯಾಕೆ? ಅದು ಪಿಕ್ಸೆಲ್‌ನ ಚಾರ್ಜ್ ಸೋರದಂತೆ ಹಿಡಿದಿಡುತ್ತದೆ. ಹಾಗಾಗಿ ಸ್ಕ್ರೀನನ್ನು ಸೆಕೆಂಡಿಗೆ 60 ಸಲದ ಬದಲು ಒಂದೇ ಸಲ ತಾಜಾ ಮಾಡಿದರೂ ಚಿತ್ರ ನಿಲ್ಲುತ್ತದೆ, ಬ್ಯಾಟರಿ ಉಳಿಯುತ್ತದೆ. ಅಂಥ ವಸ್ತುವಿನಲ್ಲಿ ಮಾಡಿದ ನಮ್ಮ ಟ್ರಾನ್ಸಿಸ್ಟರ್ ಮುಚ್ಚುವುದೇ ಇಲ್ಲ ಅಂದರೆ ನನಗೆ ಮೊಬಿಲಿಟಿ 12 ಇದ್ದರೂ ಒಂದೇ, 20 ಇದ್ದರೂ ಒಂದೇ.

ಸೂಜಿಯಿಂದ ಗೀರಿದ ಸಂಜೆ

ಅವಳ ಕೈಯಲ್ಲಿ ಮೂರು ಯೋಚನೆ ಇದ್ದವು. ಫರ್ನೇಸ್ 500 ಡಿಗ್ರಿಗೆ ಏರಿಸೋಣ. ಗ್ಯಾಲಿಯಂ ಸೇರಿಸೋಣ, ಅದು ಆಮ್ಲಜನಕವನ್ನು ಬಿಗಿಯಾಗಿ ಹಿಡಿಯುತ್ತದೆ, ಸುಮ್ಮನೆ ಅಲೆಯುವ ಎಲೆಕ್ಟ್ರಾನ್ ಕಡಿಮೆ ಆಗುತ್ತವೆ. ಇಲ್ಲಾ ಪದರ ಇನ್ನೂ ತೆಳು ಮಾಡೋಣ. ಮೂರೂ ತಪ್ಪಲ್ಲ, ಪೇಪರ್‌ಗಳಲ್ಲಿ ಇರುವವೇ. ಆದರೆ ಏಪ್ರಿಲ್‌ನಲ್ಲಿ ಇದೇ ರೆಸಿಪಿ ಕೆಲಸ ಮಾಡಿತ್ತು. ಆಗ ಥ್ರೆಶೋಲ್ಡ್ ವೋಲ್ಟೇಜ್, ಅಂದರೆ ಟ್ರಾನ್ಸಿಸ್ಟರ್ ಆನ್ ಆಗಲು ಶುರುವಾಗುವ ಗೇಟ್ ವೋಲ್ಟೇಜ್, ಮೈನಸ್ 3ರ ಹತ್ತಿರ, ಈಗ ಮೈನಸ್ 25. ಏನು ಬದಲಾಗಿದೆ ಅಂತ ಗೊತ್ತಾಗದೆ ರೆಸಿಪಿ ಬದಲಿಸಬಾರದು ಅಂದೆ. ಅವಳಿಗೆ ಬೇಜಾರಾಯಿತು, ಆದರೂ ಒಪ್ಪಿದಳು.

ಮೊದಲು ಗೇಟ್ ಕರೆಂಟ್ ನೋಡಿ ಎಂದೆ. ಡ್ರೇನ್ ಕರೆಂಟ್ ಮಾತ್ರ ಪ್ಲಾಟ್ ಮಾಡಿದ್ದಳು. ಗೇಟ್‌ನಿಂದಲೇ 0.3 ಮೈಕ್ರೋ ಆಂಪಿಯರ್ ಬರುತ್ತಿತ್ತು. 300 ನ್ಯಾನೋಮೀಟರ್ ಒಳ್ಳೆಯ ಆಕ್ಸೈಡ್ ಇದ್ದ ಮೇಲೆ ಅಷ್ಟು ಬರಲೇಬಾರದು.

ಮೈಕ್ರೋಸ್ಕೋಪ್ ಕೆಳಗೆ ನಮ್ಮ ಸಿಲಿಕಾನ್ ಚಿಪ್‌ನ ಅಂಚು ನೋಡಿದಾಗ ಗೊತ್ತಾಯಿತು. ಸ್ಪಿನ್ ಮಾಡುವಾಗ ದ್ರಾವಣ ಅಂಚಿಗೆ ಹೋಗಿ ದಪ್ಪಗೆ ನಿಂತು, ಪಕ್ಕಕ್ಕೂ ಇಳಿದು ಒಣಗಿದೆ. ವೇಫರ್ (ಸಿಲಿಕಾನ್ ಬಿಲ್ಲೆ) ಒಡೆದ ಆ ಪಕ್ಕದಲ್ಲಿ ಬರಿಯ ಸಿಲಿಕಾನ್ ತೆರೆದುಕೊಂಡಿರುತ್ತದೆ, ಅದೇ ನಮ್ಮ ಗೇಟ್. ಅಂದರೆ ಇಡೀ ಚಿಪ್ ಮೇಲೆ ಹರಡಿದ ಪದರ ಅಂಚಿನಲ್ಲಿ ಗೇಟನ್ನೇ ಮುಟ್ಟುತ್ತಿದೆ. ಗದ್ದೆಯ ಬದು ಒಂದು ಮೂಲೆಯಲ್ಲಿ ಒಡೆದಂತೆ. ಎಲ್ಲ ಟ್ರಾನ್ಸಿಸ್ಟರ್‌ಗಳೂ ಆ ಒಂದೇ ಪದರದ ಮೇಲೆ ಇವೆ, ಒಂದಕ್ಕೊಂದು ಕೂಡಿಕೊಂಡಿವೆ.

ಅವತ್ತು ಸಂಜೆ ಕೂತು ಒಂದು ಕೆಲಸ ಮಾಡಿದೆವು. ಆರು ಟ್ರಾನ್ಸಿಸ್ಟರ್ ಆರಿಸಿ, ಮೊದಲು ಅಳೆದು, ಆಮೇಲೆ ಪ್ರೋಬ್‌ನ ಟಂಗ್‌ಸ್ಟನ್ ಸೂಜಿಯಿಂದ ಪ್ರತಿಯೊಂದರ ಸುತ್ತ ಚೌಕಾಕಾರ ಗೀರಿದೆವು. ಸೂಜಿ ಒತ್ತಿದರೆ ಕೆಳಗಿನ ಆಕ್ಸೈಡ್ ತೂತಾಗುತ್ತದೆ, ಹಗುರ ಹಿಡಿದರೆ ಪದರ ಪೂರ್ತಿ ಕತ್ತರಿಸುವುದಿಲ್ಲ. ಎರಡು ಹಾಳಾದವು, ನಾಲ್ಕು ಉಳಿದವು. ಅವೇ ನಾಲ್ಕನ್ನು ಮತ್ತೆ ಅಳೆದಾಗ ಗೇಟ್ ಕರೆಂಟ್ ಸಾವಿರ ಪಟ್ಟು ಇಳಿದಿತ್ತು. ಆಫ್ ಕರೆಂಟ್ 2 ಮೈಕ್ರೋದಿಂದ 0.3 ಮೈಕ್ರೋ ಆಂಪಿಯರ್‌ಗೆ ಬಂತು.

ಜೊತೆಗೆ ಮೊಬಿಲಿಟಿ 12ರಿಂದ 7ಕ್ಕೆ ಇಳಿಯಿತು.

ಅವಳಿಗೆ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. "ಗೀರಿ ಹಾಳು ಮಾಡಿಬಿಟ್ವಾ ಮೇಡಂ?" ಹಾಳಾಗಿಲ್ಲ, ಮೊದಲಿನ 12 ನಿಜವಾಗಿಯೂ 12 ಆಗಿರಲಿಲ್ಲ. ಮೊಬಿಲಿಟಿ ಲೆಕ್ಕ ಹಾಕುವಾಗ ಚಾನಲ್ ಅಗಲ 1000 ಮೈಕ್ರಾನ್ ಅಂತ ಹಾಕುತ್ತೇವೆ. ಪದರ ಎಲ್ಲ ಕಡೆ ಹರಡಿದ್ದರೆ ಕರೆಂಟ್ ಆ 1000 ಮೈಕ್ರಾನ್ ಒಳಗೇ ಹರಿಯುವುದಿಲ್ಲ, ಅಕ್ಕಪಕ್ಕದಿಂದ ಬಳಸಿಕೊಂಡು ಕೂಡ ಬರುತ್ತದೆ. ಬಂದ ಕರೆಂಟ್ ಎಲ್ಲವನ್ನೂ 1000 ಮೈಕ್ರಾನ್ ಲೆಕ್ಕಕ್ಕೆ ಹಾಕಿದರೆ ಮೊಬಿಲಿಟಿ ಉಬ್ಬಿ ಕಾಣುತ್ತದೆ. ಏಪ್ರಿಲ್‌ನ 8 ಕೂಡ ಹಾಗೆ ಉಬ್ಬಿದ್ದೇ. ಪದರ ಕತ್ತರಿಸದೆ ಅಳೆದ ಮೊಬಿಲಿಟಿಯನ್ನು ನಾನು ಈಗ ಯಾರ ರಿಪೋರ್ಟ್‌ನಲ್ಲಿ ಕಂಡರೂ ನಂಬುವುದಿಲ್ಲ. ಚಾನಲ್ ಅಗಲ ಉದ್ದಕ್ಕಿಂತ ಹತ್ತು ಪಟ್ಟು ಇದ್ದರೂ ಈ ತಪ್ಪು ಬರುತ್ತದೆ, ಇನ್ನೂ ಕಡಿಮೆ ಇದ್ದರಂತೂ ಕೇಳಲೇಬೇಡಿ.

ಮಳೆಗಾಲದ ನೀರು

ಗೀರಿದ ಮೇಲೂ ಥ್ರೆಶೋಲ್ಡ್ ಮೈನಸ್ 20ರಲ್ಲಿ ನಿಂತಿತ್ತು. ಅಂದರೆ ಗೇಟ್‌ಗೆ ಏನೂ ಕೊಡದೆಯೇ ಪದರದ ಒಳಗೆ ಎಲೆಕ್ಟ್ರಾನ್ ತುಂಬಿವೆ.

ಬಳ್ಳಾರಿಯ ಏಪ್ರಿಲ್ ನಿಮಗೆ ಗೊತ್ತು. 40 ಡಿಗ್ರಿ ದಾಟುವ ಬಿಸಿಲು, ಒಗೆದ ಬಟ್ಟೆ ಹಗ್ಗಕ್ಕೆ ಹಾಕುವಷ್ಟರಲ್ಲಿ ಒಣಗುವ ಗಾಳಿ. ಆಗಸ್ಟ್‌ನಲ್ಲಿ ಹಾಗಿಲ್ಲ. ನಮ್ಮ ಟ್ರಾನ್ಸಿಸ್ಟರ್‌ನಲ್ಲಿ ಗೇಟ್ ಕೆಳಗಿದೆ, ಇಂಡಿಯಂ ಝಿಂಕ್ ಆಕ್ಸೈಡ್‌ನ ಮೇಲ್ಮೈ ಪೂರ್ತಿ ಗಾಳಿಗೆ ತೆರೆದಿದೆ. ಗಾಳಿಯ ಆಮ್ಲಜನಕ ಅಲ್ಲಿ ಅಂಟಿಕೊಂಡರೆ ಪದರದಿಂದ ಎಲೆಕ್ಟ್ರಾನ್ ಎಳೆದುಕೊಳ್ಳುತ್ತದೆ, ಥ್ರೆಶೋಲ್ಡ್ ಪ್ಲಸ್ ಕಡೆ ಸರಿಯುತ್ತದೆ. ನೀರು ಅಂಟಿಕೊಂಡರೆ ಸಾಮಾನ್ಯವಾಗಿ ಉಲ್ಟಾ, ಎಲೆಕ್ಟ್ರಾನ್ ಕೊಡುತ್ತದೆ, ಮೈನಸ್ ಕಡೆ ಹೋಗುತ್ತದೆ. ಪದರ ಹತ್ತಾರು ನ್ಯಾನೋಮೀಟರ್ ಮಾತ್ರ ದಪ್ಪ, ಹಾಗಾಗಿ ಮೇಲೆ ಆದದ್ದು ಕೆಳಗಿನ ಚಾನಲ್‌ಗೂ ತಟ್ಟುತ್ತದೆ.

ಪರೀಕ್ಷೆಗೆ ದುಡ್ಡೇನೂ ಬೇಕಾಗಲಿಲ್ಲ. ಗೀರಿದ ಚಿಪ್ ಅನ್ನು ಹಾಟ್ ಪ್ಲೇಟ್ ಮೇಲೆ 150 ಡಿಗ್ರಿಯಲ್ಲಿ ಒಂದು ಗಂಟೆ ಇಟ್ಟು, ಆರಿದ ತಕ್ಷಣ ಅಳೆದಳು. ಮೈನಸ್ 8. ಅದನ್ನೇ ಎರಡು ದಿನ ಟೇಬಲ್ ಮೇಲೆ ಬಿಟ್ಟು ಅಳೆದರೆ ಮೈನಸ್ 18. ಮತ್ತೆ ಕಾಯಿಸಿದರೆ ಮತ್ತೆ ಮೈನಸ್ 8ರ ಹತ್ತಿರ. ತೇವ ಹೀರುವ ನೀಲಿ ಸಿಲಿಕಾ ಜೆಲ್ ತುಂಬಿದ ಡೆಸಿಕೇಟರ್ ಡಬ್ಬಿಯಲ್ಲಿ ಇಟ್ಟದ್ದು ಎರಡು ದಿನವಾದರೂ ಹೆಚ್ಚು ಜರುಗಲಿಲ್ಲ. ಹೋಗುತ್ತಾ ಬರುತ್ತಾ ಇರುವ ಹತ್ತು, ಹನ್ನೆರಡು ವೋಲ್ಟ್ ನೀರಿನದ್ದು ಅಂತ ನಿರ್ಧಾರವಾಯಿತು. ಇದರ ನಡುವೆ ಇನ್ನೊಂದು ಅಭ್ಯಾಸವನ್ನೂ ಬಿಡಿಸಿದೆ: ಮೈಕ್ರೋಸ್ಕೋಪ್ ಲೈಟ್ ಹಾಕಿಕೊಂಡೇ ಅಳೆಯುವುದು. ಈ ಆಕ್ಸೈಡ್‌ಗಳ ಬ್ಯಾಂಡ್ ಗ್ಯಾಪ್, ಅಂದರೆ ಎಲೆಕ್ಟ್ರಾನನ್ನು ಬಿಡಿಸಿ ಓಡಿಸಲು ಬೇಕಾದ ಶಕ್ತಿ, 3 ಎಲೆಕ್ಟ್ರಾನ್ ವೋಲ್ಟ್‌ಗಿಂತ ಸ್ವಲ್ಪ ಮೇಲೆ. ಬೆಳಕಿನ ನೇರಳೆ, ನೀಲಿ ಭಾಗ ಆಮ್ಲಜನಕ ಖಾಲಿ ಇರುವ ಜಾಗಗಳಿಂದ ಎಲೆಕ್ಟ್ರಾನ್ ಎಬ್ಬಿಸುತ್ತದೆ, ದೀಪ ಆರಿಸಿದ ಮೇಲೂ ಬಹಳ ಹೊತ್ತು ಅವು ಹಾಗೇ ಇರುತ್ತವೆ. ಪ್ರೋಬ್ ಇಳಿಸಿ, ದೀಪ ಆರಿಸಿ, ಕಪ್ಪು ಬಟ್ಟೆ ಹೊದಿಸಿದ ಡಬ್ಬಿ ಮುಚ್ಚಿ, ಅರ್ಧ ಗಂಟೆ ಕಾದು ಅಳೆಯುವುದು ಅಂತ ನಿಯಮ ಮಾಡಿಕೊಂಡೆವು.

ಝಿಂಕ್ ಬಾಟಲಿ

ಉಳಿದ ಮೈನಸ್ 8 ನನ್ನನ್ನು ಎರಡು ವಾರ ಕಾಡಿತು. ಏಪ್ರಿಲ್‌ನಲ್ಲಿ ಮೈನಸ್ 3 ಬಂದದ್ದು ಯಾವುದನ್ನೂ ಒಣಗಿಸದೆ. ಈಗ ಒಣಗಿಸಿದರೂ 8.

ಅವಳ ನೋಟ್‌ಬುಕ್ ಚೆನ್ನಾಗಿತ್ತು, ಅದಕ್ಕೆ ಅವಳಿಗೆ ಶಹಬ್ಬಾಸ್ ಹೇಳಲೇಬೇಕು. ಎಲ್ಲ ತೂಕಗಳು ಬರೆದಿದ್ದವು, ಏಪ್ರಿಲ್ ಮತ್ತು ಆಗಸ್ಟ್ ಎರಡರಲ್ಲೂ ಅವೇ ಅಂಕಿ. ಹಾಗಿದ್ದರೆ ತೂಗಿದ ಪದಾರ್ಥ ಅದೇ ಇತ್ತಾ? ಬೀರು ತೆರೆದು ಬಾಟಲಿಗಳನ್ನು ಹೊರಗೆ ತೆಗೆದೆವು. ಇಂಡಿಯಂ ನೈಟ್ರೇಟ್ ದುಬಾರಿ, ಅದಕ್ಕೆ ಮರ್ಯಾದೆಯಿಂದ ಡೆಸಿಕೇಟರ್‌ನಲ್ಲಿ ಇಟ್ಟಿದ್ದೆವು. ಝಿಂಕ್ ನೈಟ್ರೇಟ್ ಅಗ್ಗ. ಬೀರುವಿನಲ್ಲಿ, ಮುಚ್ಚಳ ಅರ್ಧ ತಿರುಗಿಸಿದ ಹಾಗೇ ಇತ್ತು. ಏಪ್ರಿಲ್‌ನಲ್ಲಿ ಸಕ್ಕರೆ ಹರಳಿನಂತೆ ಉದುರುತ್ತಿದ್ದದ್ದು ಈಗ ಮಳೆಗಾಲದ ಕಲ್ಲುಪ್ಪಿನ ಹಾಗೆ ಒದ್ದೆಯಾಗಿ ಗಂಟು ಕಟ್ಟಿತ್ತು. ಚಮಚಕ್ಕೆ ಅಂಟಿಕೊಂಡು ಬೀಳಲೇ ಇಲ್ಲ.

ಝಿಂಕ್ ನೈಟ್ರೇಟ್ ಹೆಕ್ಸಾಹೈಡ್ರೇಟ್ ಗಾಳಿಯ ತೇವ ಹೀರಿ ತಾನೇ ಕರಗುವ ಜಾತಿಯದು. ತೂಗುವಾಗ ನಾವು ನೀರನ್ನೂ ತೂಗುತ್ತಿದ್ದೆವು. ಎಷ್ಟು ನೀರು ಅಂತ ತಿಳಿಯುವುದು ಕಷ್ಟವಲ್ಲ, ಪಿಯುಸಿ ರಸಾಯನಶಾಸ್ತ್ರವೇ ಸಾಕು. ಅದರ ಅಣುತೂಕ 297.5, ಪೂರ್ತಿ ಕಾಯಿಸಿದರೆ ಉಳಿಯುವ ಝಿಂಕ್ ಆಕ್ಸೈಡ್‌ನದ್ದು 81.4. ಅಂದರೆ 1 ಗ್ರಾಂ ಸರಿಯಾದ ಉಪ್ಪಿನಿಂದ 0.274 ಗ್ರಾಂ ಬಿಳಿ ಪುಡಿ ಉಳಿಯಬೇಕು. ಮೂಸೆಯನ್ನು ಕಾಯಿಸಿ, ಆರಿಸಿ, ತೂಗಿ, ಆ ಒದ್ದೆ ಉಪ್ಪು 1 ಗ್ರಾಂ ಹಾಕಿದೆವು. ಫ್ಯೂಮ್ ಹುಡ್ ಒಳಗೆ ನಿಧಾನವಾಗಿ ಕಾಯಿಸಿದಾಗ ಮೊದಲು ಕುದಿಯಿತು, ಆಮೇಲೆ ಕಂದು ಬಣ್ಣದ ಹೊಗೆ ಬಂತು, ಕೊನೆಗೆ ಪುಡಿ ಕಾಯಿಸಿದಾಗ ಹಳದಿ, ಆರಿದಾಗ ಬಿಳಿ. ಝಿಂಕ್ ಆಕ್ಸೈಡ್‌ನ ಗುರುತೇ ಅದು. ತೂಕ ನೋಡಿದೆವು. 0.22 ಗ್ರಾಂ.

ಐದರಲ್ಲಿ ಒಂದು ಭಾಗ ಝಿಂಕ್ ಕಡಿಮೆ. ಇಂಡಿಯಂ ಎರಡು ಪಾಲು, ಝಿಂಕ್ ಒಂದು ಪಾಲು ಅಂತ ನಾವು ಅಂದುಕೊಂಡಿದ್ದೆವು, ಅಂದರೆ ನೂರಕ್ಕೆ 67 ಇಂಡಿಯಂ. ನಿಜವಾಗಿ ಆಗಿದ್ದು 71. ಈ ಆಕ್ಸೈಡ್‌ನಲ್ಲಿ ಇಂಡಿಯಂ ಜಾಸ್ತಿ ಆದಷ್ಟೂ ಎಲೆಕ್ಟ್ರಾನ್ ಜಾಸ್ತಿ, ಮೊಬಿಲಿಟಿ ಕೂಡ ಸ್ವಲ್ಪ ಜಾಸ್ತಿ, ಮುಚ್ಚುವುದು ಮಾತ್ರ ಕಷ್ಟ. 12 ಅನ್ನುವ ಅಂಕಿಯಲ್ಲಿ ಒದ್ದೆ ಉಪ್ಪಿನ ಪಾಲೂ ಇತ್ತು! ಅವಳು ಹೇಳಿದಂತೆ ಗ್ಯಾಲಿಯಂ ಹಾಕಿದ್ದರೆ ಥ್ರೆಶೋಲ್ಡ್ ಸರಿಯಾಗುತ್ತಿತ್ತೇನೋ, ಆದರೆ ಅರ್ಧ ತಿರುಗಿಸಿದ ಮುಚ್ಚಳ ಹಾಗೇ ಇರುತ್ತಿತ್ತು, ಮುಂದಿನ ಬೇಸಿಗೆಯಲ್ಲಿ ಹೊಸ ಬಾಟಲಿ ತೆರೆದ ದಿನ ಟ್ರಾನ್ಸಿಸ್ಟರ್ ಆನ್ ಆಗುವುದನ್ನೇ ನಿಲ್ಲಿಸುತ್ತಿತ್ತು.

ಆಮೇಲೆ ಮಾಡಿದ್ದು

ಹೊಸ ಝಿಂಕ್ ಬಾಟಲಿ ತರಿಸಿದೆವು, ತಂದ ದಿನವೇ ಮೂಸೆಯಲ್ಲಿ ಸುಟ್ಟು ನೋಡಿ ಸಿಕ್ಕ ಅಂಕಿಯನ್ನು ಬಾಟಲಿ ಮೇಲೆ ಬರೆದು ಡೆಸಿಕೇಟರ್‌ಗೆ ಹಾಕಿದೆವು. ಸೂಜಿ ಗೀರುವುದು ಪರೀಕ್ಷೆಗೆ ಸರಿ, ದಿನಾ ಆಗುವ ಕೆಲಸವಲ್ಲ. ಆದ್ದರಿಂದ ಫರ್ನೇಸ್‌ನಿಂದ ತೆಗೆದ ಮೇಲೆ, ಅಲ್ಯೂಮಿನಿಯಂ ಹಾಕುವ ಮೊದಲೇ, ಚಾನಲ್ ಜಾಗಗಳ ಮೇಲೆ ಸಣ್ಣ ಟೇಪ್ ಪಟ್ಟಿ ಅಂಟಿಸಿ ಉಳಿದ ಕಡೆ ಮತ್ತು ಅಂಚನ್ನು ನೀರು ಬೆರೆಸಿದ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಅದ್ದಿದ ಹತ್ತಿಕಡ್ಡಿಯಿಂದ ಒರೆಸಿ, ನೀರಿನಲ್ಲಿ ತೊಳೆದು ಒಣಗಿಸುತ್ತೇವೆ. ಕ್ರಮ ತಪ್ಪಬಾರದು, ಆ ಆಮ್ಲ ಅಲ್ಯೂಮಿನಿಯಂ ತಿಂದುಬಿಡುತ್ತದೆ. ಬೆಳಕಿನಿಂದ ಅಚ್ಚು ಹಾಕಿ ಪದರ ಕತ್ತರಿಸುವ ಫೋಟೋಲಿಥೋಗ್ರಫಿ ಇದ್ದವರಿಗೆ ಇದೆಲ್ಲ ಬೇಡ. ಬೆಂಗಳೂರಿನ ಐಐಎಸ್‌ಸಿ, ಮುಂಬೈ ಐಐಟಿಗಳಲ್ಲಿ ಹೊರಗಿನ ಕಾಲೇಜಿನವರಿಗೂ ಅಂಥ ಸೌಲಭ್ಯ ಕೊಡುವ ಇಂಡಿಯನ್ ನ್ಯಾನೋಎಲೆಕ್ಟ್ರಾನಿಕ್ಸ್ ಯೂಸರ್ಸ್ ಪ್ರೋಗ್ರಾಂ ಇದೆ, ಅರ್ಜಿ ಹಾಕಲು ನಮ್ಮ ಕಡೆಯ ಹುಡುಗರು ಹಿಂಜರಿಯಬಾರದು. ಆದರೆ ಪ್ರತಿ ಪ್ರಶ್ನೆಗೂ ಬೆಂಗಳೂರಿಗೆ ಬಸ್ ಹತ್ತಲು ಆಗುವುದಿಲ್ಲ ಅಲ್ವಾ.

ಧೂಳಿನದ್ದು ಬೇರೆಯೇ ಕಾಟ. ಸಂಡೂರಿನ ಅದಿರಿನ ಕೆಂಪು ಧೂಳು ನಮ್ಮ ಊರಿನಲ್ಲಿ ಕಿಟಕಿ ಸಂದಿಯಲ್ಲೂ ಇರುತ್ತದೆ. ಒಂದು ಕಣ ಬಿದ್ದರೆ ಸ್ಪಿನ್ ಮಾಡುವಾಗ ಧೂಮಕೇತುವಿನ ಬಾಲದಂತೆ ಗೆರೆ ಎಳೆದುಬಿಡುತ್ತದೆ. 0.2 ಮೈಕ್ರಾನ್ ಸಿರಿಂಜ್ ಫಿಲ್ಟರ್, ಸ್ಪಿನ್ ಕೋಟರ್ ಸುತ್ತ ಒಂದು ಅಕ್ರಿಲಿಕ್ ಡಬ್ಬಿ, ಇಷ್ಟರಲ್ಲಿ ಬಹುಪಾಲು ಸುಧಾರಿಸಿತು.

ಅಕ್ಟೋಬರ್ ಬ್ಯಾಚ್ ಗಾಳಿಯಲ್ಲಿ ಥ್ರೆಶೋಲ್ಡ್ ಮೈನಸ್ 9 ತೋರಿಸಿತು, ಒಣಗಿಸಿದ ಮೇಲೆ ಪ್ಲಸ್ 2. ಈಗ ಆ ಒಣಗಿದ ಸ್ಥಿತಿಯನ್ನು ಹಿಡಿದಿಡಬೇಕು. ಸ್ಕ್ರೀನ್ ಕಾರ್ಖಾನೆಗಳಲ್ಲಿ ಮೇಲೆ ಸಿಲಿಕಾನ್ ಡೈಆಕ್ಸೈಡ್ ಹೊದಿಸುತ್ತಾರೆ. ಸಿಲಿಕಾನ್ ನೈಟ್ರೈಡ್ ನೀರನ್ನು ಇನ್ನೂ ಚೆನ್ನಾಗಿ ತಡೆಯುತ್ತದೆ, ಆದರೆ ಅದರೊಳಗೆ ಉಳಿದ ಹೈಡ್ರೋಜನ್ ಚಾನಲ್‌ಗೆ ಇಳಿದು ಎಲೆಕ್ಟ್ರಾನ್ ಕೊಡುತ್ತದೆ, ಮತ್ತೆ ಅದೇ ಆಫ್ ಆಗದ ರೋಗ. ನಮ್ಮ ಹತ್ತಿರ ಆ ಯಂತ್ರಗಳಿಲ್ಲ. ಇದ್ದದ್ದು ಪಿಎಂಎಂಎ, ಅಕ್ರಿಲಿಕ್ ಹಾಳೆಯ ಪ್ಲಾಸ್ಟಿಕ್ಕೇ, ಅನಿಸೋಲ್‌ನಲ್ಲಿ ಕರಗಿಸಿದ್ದು. ಮೊದಲ ಸಲ ಅವಳು ಚಿಪ್ ತಣ್ಣಗಾಗಲಿ ಅಂತ ಊಟಕ್ಕೆ ಹೋಗಿ ಬಂದು ಹಾಕಿದಳು, ನೀರನ್ನು ಒಳಗೇ ಇಟ್ಟು ಮುಚ್ಚಿದಂತಾಯಿತು, ಮೈನಸ್ 5 ಬಂತು. ಎರಡನೇ ಸಲ 150 ಡಿಗ್ರಿಯಿಂದ ತೆಗೆದು ಇನ್ನೂ ಕೈಗೆ ಬೆಚ್ಚಗಿರುವಾಗಲೇ ಹಾಕಿ ಮತ್ತೆ ಬೇಯಿಸಿದಳು. ಪ್ಲಸ್ 2 ಉಳಿಯಿತು.

ನವೆಂಬರ್ ಕೊನೆಯ ಅಂಕಿಗಳು ಹೀಗಿವೆ. ಮೊಬಿಲಿಟಿ 5. ಪ್ಲಸ್ 40ರಲ್ಲಿ ಕರೆಂಟ್ 0.4 ಮಿಲಿ ಆಂಪಿಯರ್, ಆಫ್ ಆದಾಗ 0.4 ನ್ಯಾನೋ ಆಂಪಿಯರ್. ಆನ್, ಆಫ್ ನಡುವೆ ಹತ್ತು ಲಕ್ಷ ಪಟ್ಟು ಅಂತರ, ಆಗಸ್ಟ್‌ನಲ್ಲಿ ಅದು ಹೆಚ್ಚೂಕಡಿಮೆ ಸಾವಿರ ಪಟ್ಟು ಮಾತ್ರ. ವೋಲ್ಟೇಜ್ ಏರಿಸುವಾಗಿನ ಗೆರೆಗೂ ಇಳಿಸುವಾಗಿನ ಗೆರೆಗೂ ಇದ್ದ 6 ವೋಲ್ಟ್ ಅಂತರ 1.5ಕ್ಕೆ ಬಂತು. ಪಿಎಂಎಂಎ ನೀರನ್ನು ಪೂರ್ತಿ ತಡೆಯುವುದಿಲ್ಲ, ತಿಂಗಳು ಹೊರಗೆ ಬಿಟ್ಟ ಚಿಪ್ ಸುಮಾರು 3 ವೋಲ್ಟ್ ಮೈನಸ್ ಕಡೆ ಜರುಗಿತು. ಗೇಟ್‌ಗೆ ಪ್ಲಸ್ 20 ವೋಲ್ಟ್ ಒಂದು ಗಂಟೆ ಹಿಡಿದಿಟ್ಟರೆ ಥ್ರೆಶೋಲ್ಡ್ ಇನ್ನೂ 3 ವೋಲ್ಟ್ ಪ್ಲಸ್ ಕಡೆ ಓಡುತ್ತದೆ, ಎಲೆಕ್ಟ್ರಾನ್‌ಗಳು ಗೇಟ್ ಆಕ್ಸೈಡ್‌ನ ಗಡಿಯಲ್ಲಿ ಸಿಕ್ಕಿಕೊಳ್ಳುತ್ತಿವೆ.

ವೈವಾ ದಿನ ಪರೀಕ್ಷಕರು ಕೇಳಿದ ಮೊದಲ ಪ್ರಶ್ನೆ ನಿರೀಕ್ಷೆಯಂತೆ "ಮೊಬಿಲಿಟಿ 5 ಮಾತ್ರನಾ?" ಅಂತಲೇ. ಅವಳು ಆಗಸ್ಟ್‌ನ ಗ್ರಾಫನ್ನೂ ನವೆಂಬರ್‌ನ ಗ್ರಾಫನ್ನೂ ಒಂದರ ಮೇಲೊಂದು ಹಾಕಿ ತೋರಿಸಿದಳು. "ಸರ್, ಇದು 12, ಆದರೆ ಮುಚ್ಚಂಗಿಲ್ಲ. ಇದು 5, ಮುಚ್ಚುತ್ತೆ" ಎಂದಳು. ಆಮೇಲೆ ಅರ್ಧ ಗಂಟೆ ಅವರು ಕೇಳಿದ್ದೆಲ್ಲ ಆ ಝಿಂಕ್ ಬಾಟಲಿಯ ಬಗ್ಗೆಯೇ.

ಈಗ ಅವಳ ಜೂನಿಯರ್ ಗೇಟ್ ಆಕ್ಸೈಡ್ ಬದಲಿಸುವ ಕೆಲಸ ಹಿಡಿದಿದ್ದಾನೆ. 40 ವೋಲ್ಟ್ ಯಾವ ಉಪಯೋಗದ ಸರ್ಕ್ಯೂಟ್‌ಗೂ ಆಗಿಬರುವುದಿಲ್ಲ, 5 ವೋಲ್ಟ್‌ಗೆ ಇಳಿಸಬೇಕು. ಅಲ್ಯೂಮಿನಿಯಂ ನೈಟ್ರೇಟ್ ದ್ರಾವಣದಿಂದ ತೆಳುವಾದ ಅಲ್ಯೂಮಿನಾ ಪದರ ಮಾಡಿದರೆ ಅದರ ಡೈಎಲೆಕ್ಟ್ರಿಕ್ ಸ್ಥಿರಾಂಕ (ಅದೇ ವೋಲ್ಟೇಜ್‌ಗೆ ಎಷ್ಟು ಚಾರ್ಜ್ ಹಿಡಿಯುತ್ತದೆ ಅನ್ನುವ ಅಳತೆ) ಸಿಲಿಕಾನ್ ಡೈಆಕ್ಸೈಡ್‌ನ 3.9ಕ್ಕಿಂತ ಎರಡು ಪಟ್ಟಿನ ಹತ್ತಿರ ಬರುತ್ತದೆ. ಅಲ್ಯೂಮಿನಿಯಂ ನೈಟ್ರೇಟ್ ಕೂಡ ತೇವ ಹೀರುತ್ತದೆ. ಅದರ ಬಾಟಲಿ ಬಂದದ್ದು ಮೊನ್ನೆ ಸೋಮವಾರ, ಮೂಸೆ ಫರ್ನೇಸ್‌ನಲ್ಲಿದೆ.